ಜಾಹೀರಾತಿನ ಮಾತಿಗೆ ಪುರಾವೆ ಕೇಳುವುದು ಹೇಗೆ?

ಅಕ್ಕನ ಮಗಳು ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಪ್ರೇಯರ್ ಸಾಲಿನಲ್ಲಿ ಯಾವಾಗಲೂ ಮುಂದೆ ನಿಲ್ಲುತ್ತಿದ್ದಳು. ಎತ್ತರ ನೋಡಿ ನಿಲ್ಲಿಸುತ್ತಿದ್ದರು, ಇವಳೇ ಎಲ್ಲರಿಗಿಂತ ಗಿಡ್ಡ. ಅದೇ ಹೊತ್ತಿಗೆ ಟೀವಿಯಲ್ಲಿ ಹಾಲಿಗೆ ಬೆರೆಸುವ ಪುಡಿಯೊಂದರ ಜಾಹೀರಾತು ಬರುತ್ತಿತ್ತು. ಇದನ್ನು ಕುಡಿದ ಮಕ್ಕಳು ಎರಡು ಪಟ್ಟು ಬೇಗ ಬೆಳೆಯುತ್ತಾರೆ ಅಂತ ಕನ್ನಡದಲ್ಲೇ ಜೋರಾಗಿ ಹೇಳುತ್ತಿತ್ತು. ಅಕ್ಕ ಡಬ್ಬ ತಂದಳು. ಒಂದಾದ ಮೇಲೆ ಒಂದರಂತೆ ಆರು ಡಬ್ಬ ಖಾಲಿಯಾದವು. ಹುಡುಗಿ ಪ್ರತಿ ಭಾನುವಾರ ಬಾಗಿಲಿನ ದಾರಂದಕ್ಕೆ ಬೆನ್ನು ಕೊಟ್ಟು ನಿಂತು ಪೆನ್ಸಿಲ್ ಗೆರೆ ಹಾಕಿಸಿಕೊಳ್ಳುತ್ತಿದ್ದಳು. ಒಂದು ದಿನ ನನ್ನ ಹತ್ತಿರ ಬಂದು ಕೇಳಿದಳು: "ಚಿಕ್ಕಮ್ಮ, ನಾನು ಸರಿಯಾಗಿ ಕುಡೀತಿಲ್ವಾ?"

ತಪ್ಪು ತನ್ನದೇ ಅಂದುಕೊಂಡಿದ್ದಳು ಮಗು. ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅವತ್ತು ಸಂಜೆ ಆ ಜಾಹೀರಾತನ್ನು ಮೊಬೈಲಿನಲ್ಲಿ ಹುಡುಕಿ, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕೆಳಗೆ ಇರುವೆ ಸಾಲಿನ ಹಾಗೆ ಇಂಗ್ಲಿಷ್ ಅಕ್ಷರಗಳಿದ್ದವು. ಹೇಳಿದ್ದು ಕನ್ನಡದಲ್ಲಿ, ಷರತ್ತು ಬರೆದಿದ್ದು ಇಂಗ್ಲಿಷ್‌ನಲ್ಲಿ! ನಮ್ಮಕ್ಕನಿಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ. ಬಂದಿದ್ದರೂ ಎರಡು ಸೆಕೆಂಡಿನಲ್ಲಿ ಅದನ್ನು ಓದಿ ಮುಗಿಸುವುದು ಯಾರಿಂದ ಸಾಧ್ಯ?

ಇಂಥ ಜಾಹೀರಾತಿನ ಮೇಲೆ ದೂರು ಕೊಡಲು ಆಸ್ಕಿ ಅನ್ನುವ ಒಂದು ಜಾಗ ಇದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಅದಕ್ಕೆ ದುಡ್ಡು ಬೇಡ, ವಕೀಲರು ಬೇಡ. ಎಲ್ಲಕ್ಕಿಂತ ದೊಡ್ಡ ವಿಷಯ ಏನೆಂದರೆ, ಜಾಹೀರಾತು ಸುಳ್ಳು ಅಂತ ನಾವು ಸಾಬೀತು ಮಾಡಬೇಕಾಗಿಲ್ಲ. ಅದು ನಿಜ ಅಂತ ತೋರಿಸುವ ಹೊಣೆ ಕಂಪನಿಯದು. ಈ ಒಂದು ಸಂಗತಿ ಎಲ್ಲರಿಗೂ ಗೊತ್ತಾಗಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಆಸ್ಕಿ ಅಂದರೆ ಯಾರು?

ಪೂರ್ತಿ ಹೆಸರು ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್ ಆಫ್ ಇಂಡಿಯಾ. ಎಲ್ಲರೂ ಚಿಕ್ಕದಾಗಿ ಆಸ್ಕಿ ಅನ್ನುತ್ತಾರೆ. 1985ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಇದು ಸರ್ಕಾರಿ ಇಲಾಖೆ ಅಲ್ಲ. ಸೋಪು, ಬಿಸ್ಕತ್ತು, ಟೂತ್‌ಪೇಸ್ಟ್ ಮಾರುವ ಕಂಪನಿಗಳು, ಜಾಹೀರಾತು ಮಾಡಿಕೊಡುವ ಏಜೆನ್ಸಿಗಳು, ಅದನ್ನು ಹಾಕುವ ಪತ್ರಿಕೆ ಮತ್ತು ಟೀವಿಯವರು ಸೇರಿ ಕಟ್ಟಿಕೊಂಡ ಲಾಭರಹಿತ ಸಂಸ್ಥೆ. ತಮಗೆ ತಾವೇ ಒಂದು ನಿಯಮಾವಳಿ ಬರೆದುಕೊಂಡಿದ್ದಾರೆ. ಜಾಹೀರಾತು ಸತ್ಯ ಹೇಳಬೇಕು, ಅಸಹ್ಯ ಹುಟ್ಟಿಸಬಾರದು, ಅಪಾಯಕಾರಿ ವಸ್ತು ಅಥವಾ ನಡವಳಿಕೆಗೆ ಪ್ರೋತ್ಸಾಹ ಕೊಡಬಾರದು, ಎದುರಾಳಿ ಕಂಪನಿಯ ಜೊತೆ ನ್ಯಾಯವಾಗಿ ಪೈಪೋಟಿ ಮಾಡಬೇಕು. ಇವು ಅದರ ನಾಲ್ಕು ಅಧ್ಯಾಯಗಳು.

ಮಾರುವವರೇ ತಮ್ಮ ಮೇಲೆ ಕಾವಲು ಇಟ್ಟುಕೊಂಡರೆ ಅದು ಕೆಲಸ ಮಾಡುತ್ತದಾ ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಇದರಲ್ಲಿ ಅವರದೂ ಸ್ವಾರ್ಥ ಇದೆ. ಒಬ್ಬ ಸುಳ್ಳು ಹೇಳಿದರೆ ಜನ ಎಲ್ಲರ ಜಾಹೀರಾತನ್ನೂ ನಂಬುವುದು ಬಿಡುತ್ತಾರೆ. ಜೊತೆಗೆ ಒಂದು ಕಂಪನಿಯ ಸುಳ್ಳಿನಿಂದ ಪಕ್ಕದ ಕಂಪನಿಯ ಗಿರಾಕಿ ಹೋಗುತ್ತಾನೆ. ಅದಕ್ಕೇ ಕಂಪನಿಗಳು ಒಂದರ ಮೇಲೊಂದು ಆಸ್ಕಿಗೆ ದೂರು ಕೊಡುತ್ತಲೇ ಇರುತ್ತವೆ. ಬ್ರಿಟನ್‌ನಲ್ಲಿ 1962ರಿಂದ, ಅಮೆರಿಕದಲ್ಲಿ 1971ರಿಂದ ಇಂಥದ್ದೇ ವ್ಯವಸ್ಥೆ ಇದೆ.

ಆಸ್ಕಿಯ ಮಾತಿಗೆ ಕಾನೂನಿನ ಬೆಂಬಲವೂ ಸ್ವಲ್ಪ ಇದೆ. ಆಸ್ಕಿ ನಿಯಮ ಮೀರಿದ ಜಾಹೀರಾತನ್ನು ಕೇಬಲ್ ಟೀವಿಯಲ್ಲಿ ಹಾಕುವಂತಿಲ್ಲ ಅಂತ ಕೇಬಲ್ ಟೆಲಿವಿಷನ್ ನಿಯಮಗಳಲ್ಲಿ 2006ರಲ್ಲೇ ಸೇರಿಸಿದ್ದಾರೆ. ಆದರೆ ಆಸ್ಕಿ ದಂಡ ಹಾಕಲಾರದು. ನಿಮ್ಮ ದುಡ್ಡು ವಾಪಸ್ ಕೊಡಿಸಲಾರದು. ಜಾಹೀರಾತನ್ನು ತೆಗೆಸಬಹುದು ಅಥವಾ ತಿದ್ದಿಸಬಹುದು, ಅಷ್ಟೇ. ಈ ಮಿತಿ ಗೊತ್ತಿದ್ದರೆ ಆಮೇಲೆ ಬೇಸರ ಆಗುವುದಿಲ್ಲ.

ಹೆಜ್ಜೆ 1: ಅದು ಬಣ್ಣನೆಯೋ, ಭರವಸೆಯೋ ನೋಡಿ

ಇಲ್ಲೇ ಜಾಸ್ತಿ ಜನ ಎಡವುವುದು. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

"ಒಂದು ಲೋಟ ಕುಡಿದರೆ ಸ್ವರ್ಗ" ಅಂತ ಕಾಫಿಪುಡಿ ಜಾಹೀರಾತು ಹೇಳಿದರೆ ಅದು ಬಣ್ಣನೆ. ಯಾರೂ ಅದನ್ನು ಅಕ್ಷರಶಃ ನಂಬುವುದಿಲ್ಲ. ನಗಿಸಲು, ಗಮನ ಸೆಳೆಯಲು ಮಾಡಿದ ಇಂಥ ಉತ್ಪ್ರೇಕ್ಷೆಗೆ ಆಸ್ಕಿ ನಿಯಮದಲ್ಲೇ ಅವಕಾಶ ಇದೆ. ಉತ್ಪ್ರೇಕ್ಷೆ ಅಂತ ನೋಡಿದವರಿಗೆ ತಕ್ಷಣ ಗೊತ್ತಾಗಬೇಕು, ಅಷ್ಟೇ ಷರತ್ತು. ಅದೇ ಪುಡಿಯವರು "ಅಪ್ಪಟ ಕಾಫಿ, ಚಿಕೋರಿ ಇಲ್ಲ" ಅಂದರೆ ಮಾತು ಬೇರೆ. ಅದು ಅಳೆದು ನೋಡಬಹುದಾದ ಸಂಗತಿ. ಪ್ಯಾಕೆಟ್ ತಿರುಗಿಸಿದರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಶೇಕಡಾ ಲೆಕ್ಕದಲ್ಲಿ ಬರೆದಿರಲೇಬೇಕು. ಮಿಶ್ರಣದಲ್ಲಿ ಚಿಕೋರಿ ಶೇ 49 ದಾಟುವಂತಿಲ್ಲ.

ಹೀಗೆ ಅಳೆಯಬಹುದಾದ, ಪರೀಕ್ಷೆ ಮಾಡಬಹುದಾದ ಪ್ರತಿ ಮಾತಿಗೂ ಕಂಪನಿಯ ಹತ್ತಿರ ಆಧಾರ ಇರಬೇಕು. ಕೇಳಿದಾಗ ಅದನ್ನು ತೋರಿಸಬೇಕು. ಆಸ್ಕಿ ನಿಯಮಾವಳಿಯ ಮೊದಲ ಅಧ್ಯಾಯದ ಮೊದಲ ಅಂಶವೇ ಇದು. ಯಾವುದೋ ಸಂಶೋಧನೆಯ ಹೆಸರು ಹೇಳಿಕೊಂಡು ಮಾರುತ್ತಿದ್ದರೆ, ಆ ಸಂಶೋಧನೆ ಯಾರು ಮಾಡಿದ್ದು, ಯಾವಾಗ ಮಾಡಿದ್ದು ಅಂತ ಜಾಹೀರಾತಿನಲ್ಲೇ ಹೇಳಬೇಕು.

ನಾನು ಜಾಹೀರಾತು ನೋಡುವಾಗ ಕೆಲವು ಮಾತುಗಳಿಗೆ ಕಿವಿ ನಿಮಿರುತ್ತದೆ. ಒಂದು, ಅಂಕಿ. "ಶೇ 99.9 ಕೀಟಾಣು ಸಾಯುತ್ತವೆ" ಅಂದರೆ ಯಾವ ಕೀಟಾಣು? ಎಷ್ಟು ಹೊತ್ತಿನಲ್ಲಿ? ಲ್ಯಾಬಿನ ಗಾಜಿನ ತಟ್ಟೆಯಲ್ಲೋ, ನಮ್ಮ ಬಚ್ಚಲುಮನೆಯಲ್ಲೋ? ಇನ್ನೊಂದು, ಹೋಲಿಕೆ. "5 ಪಟ್ಟು ಗಟ್ಟಿ ಕೂದಲು" ಅಂದರೆ ಯಾವುದಕ್ಕಿಂತ 5 ಪಟ್ಟು? ಕೆಲವು ಸಲ ಸಣ್ಣಕ್ಷರ ಓದಿದರೆ, ಏನೂ ಹಚ್ಚದ ಕೂದಲಿಗಿಂತ ಅಂತ ಬರೆದಿರುತ್ತದೆ. ಮತ್ತೊಂದು, "ನಂಬರ್ 1". ಯಾರ ಸಮೀಕ್ಷೆ, ಯಾವ ವರ್ಷದ್ದು, ಯಾವ ಊರಿನದ್ದು?

"ವೈದ್ಯರು ಶಿಫಾರಸು ಮಾಡಿದ್ದು" ಅನ್ನುವ ಮಾತಂತೂ ಬಹಳ ಎಚ್ಚರಿಕೆಯಿಂದ ನೋಡಬೇಕಾದದ್ದು. ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಸೆನ್ಸೊಡೈನ್ ಟೂತ್‌ಪೇಸ್ಟ್ "ಜಗತ್ತಿನಾದ್ಯಂತ ದಂತವೈದ್ಯರು ಶಿಫಾರಸು ಮಾಡುತ್ತಾರೆ", "ಜಗತ್ತಿನ ನಂಬರ್ 1" ಅಂತ ಹೇಳಿಕೊಂಡಿತ್ತು. ಆಧಾರ ಕೇಳಿದಾಗ ಕಂಪನಿ ತೋರಿಸಿದ್ದು ಭಾರತದ ದಂತವೈದ್ಯರ ಸಮೀಕ್ಷೆಗಳನ್ನು ಮಾತ್ರ. ಜಗತ್ತು ಅಂದಮೇಲೆ ಜಗತ್ತಿನ ಲೆಕ್ಕ ಬೇಡವೇ? 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿ ದಂಡ ಹಾಕಿ, ಆ ಜಾಹೀರಾತು ನಿಲ್ಲಿಸಲು ಹೇಳಿತು. ಇದು ಆಸ್ಕಿಯ ತೀರ್ಪಲ್ಲ, ಸರ್ಕಾರದ ಪ್ರಾಧಿಕಾರದ್ದು. ಆದರೆ ಇಬ್ಬರೂ ಕೇಳುವ ಪ್ರಶ್ನೆ ಒಂದೇ. ಹೇಳಿದ ಮಾತು ಎಷ್ಟು ದೊಡ್ಡದೋ, ಪುರಾವೆಯೂ ಅಷ್ಟೇ ದೊಡ್ಡದಿದೆಯಾ?

ಹೆಜ್ಜೆ 2: ಸಣ್ಣಕ್ಷರ ಓದಿ, ಅದೂ ಯಾವ ಭಾಷೆಯಲ್ಲಿದೆ ನೋಡಿ

ಕನ್ನಡ ಓದುಗರಿಗೆ ಇದು ತುಂಬಾ ಮುಖ್ಯ. ಜಾಹೀರಾತು ಯಾವ ಭಾಷೆಯಲ್ಲಿ ಭರವಸೆ ಕೊಡುತ್ತದೋ, ಷರತ್ತನ್ನೂ ಅದೇ ಭಾಷೆಯಲ್ಲಿ ಹೇಳಬೇಕು. ಇದು ನನ್ನ ಆಸೆ ಅಲ್ಲ, ನಿಯಮ. ಆಸ್ಕಿಯ ಮಾರ್ಗಸೂಚಿಯಲ್ಲಿದೆ. ಕೇಂದ್ರ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ದಾರಿ ತಪ್ಪಿಸುವ ಜಾಹೀರಾತು ತಡೆ ಮಾರ್ಗಸೂಚಿಯಲ್ಲೂ ಇದೆ. ಅಂದರೆ ಕನ್ನಡದಲ್ಲಿ ಆಸೆ ಹುಟ್ಟಿಸಿ, ಇಂಗ್ಲಿಷ್‌ನಲ್ಲಿ ಕೈ ತೊಳೆದುಕೊಳ್ಳುವುದು ತಪ್ಪು. ಬೇರೆ ಭಾಷೆಯಲ್ಲಿ ಮಾಡಿದ ಜಾಹೀರಾತಿಗೆ ಕನ್ನಡದ ದನಿ ಕೊಟ್ಟು, ಪರದೆಯ ಮೇಲಿನ ಸಾಲುಗಳನ್ನು ಹಾಗೇ ಬಿಟ್ಟುಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮುಂದಿನ ಸಲ ನೀವೂ ಗಮನಿಸಿ.

ಇನ್ನೊಂದು ನಿಯಮ ಇದಕ್ಕಿಂತಲೂ ಮುಖ್ಯ. ಸಣ್ಣಕ್ಷರ ಇರುವುದು ಹೇಳಿದ ಮಾತನ್ನು ಬಿಡಿಸಿ ಹೇಳಲು. ಅದನ್ನು ಸುಳ್ಳು ಮಾಡಲು ಅಲ್ಲ. ದೊಡ್ಡಕ್ಷರದಲ್ಲಿ "ಪೂರ್ತಿ ಉಚಿತ" ಅಂತ ಬರೆದು, ಕೆಳಗೆ "ಪ್ಯಾಕಿಂಗ್ ಖರ್ಚು ಬೇರೆ" ಅಂದರೆ, ಮೇಲಿನ ಮಾತನ್ನು ಕೆಳಗಿನದು ತಿಂದುಹಾಕಿತು. ಇಂಥದ್ದರ ಮೇಲೆ ಧೈರ್ಯವಾಗಿ ದೂರು ಕೊಡಬಹುದು.

ಹೆಜ್ಜೆ 3: ಕಂಡ ತಕ್ಷಣ ಹಿಡಿದಿಟ್ಟುಕೊಳ್ಳಿ

ಜಾಹೀರಾತು ಇವತ್ತು ಇರುತ್ತದೆ, ನಾಳೆ ಇರುವುದಿಲ್ಲ. ಮೊಬೈಲಿನಲ್ಲಿ ಬರುವ ಜಾಹೀರಾತಂತೂ ಬೆರಳು ಸರಿಸಿದರೆ ಹೋಯಿತು, ಮತ್ತೆ ಸಿಗುವುದಿಲ್ಲ. ಹಾಗಾಗಿ ಕೋಪ ಬಂದ ಕ್ಷಣದಲ್ಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ವಿಡಿಯೊ ಆಗಿದ್ದರೆ ಸ್ಕ್ರೀನ್ ರೆಕಾರ್ಡ್ ಮಾಡಿ, ಲಿಂಕ್ ಕೂಡ ಇಟ್ಟುಕೊಳ್ಳಿ. ಪತ್ರಿಕೆಯಾದರೆ ಜಾಹೀರಾತಿನ ಜೊತೆಗೆ ಪತ್ರಿಕೆಯ ಹೆಸರು, ಆವೃತ್ತಿ, ತಾರೀಖು, ಪುಟ ಕಾಣುವಂತೆ ಫೋಟೊ ತೆಗೆಯಿರಿ. ಟೀವಿಯಾದರೆ ಚಾನೆಲ್, ದಿನ, ಸಮಯ ಬರೆದಿಡಿ. ರಸ್ತೆ ಬದಿಯ ದೊಡ್ಡ ಫಲಕವಾದರೆ ಯಾವ ಊರು, ಯಾವ ಸರ್ಕಲ್ ಅಂತ ಬರೆದುಕೊಳ್ಳಿ. ಡಬ್ಬದ ಮೇಲೆ ಬರೆದ ಮಾತಾಗಿದ್ದರೆ ನಾಲ್ಕೂ ಕಡೆಯ ಫೋಟೊ ಬೇಕು. ಡಬ್ಬದ ಮೇಲಿನ ಬರಹವನ್ನೂ ಆಸ್ಕಿ ನೋಡುತ್ತದೆ.

ವಸ್ತು ಕೊಂಡಿದ್ದರೆ ಬಿಲ್ ಎಸೆಯಬೇಡಿ. ಆಸ್ಕಿಗೆ ಅದು ಬೇಕಾಗಿಲ್ಲ, ಕೊಳ್ಳದೆಯೂ ದೂರು ಕೊಡಬಹುದು. ಆದರೆ ಮುಂದೆ ದುಡ್ಡು ವಾಪಸ್ ಕೇಳುವ ಹಾಗಾದರೆ ಬಿಲ್ಲೇ ಆಧಾರ.

ಹೆಜ್ಜೆ 4: ದೂರು ಬರೆಯುವ ಬಗೆ

ನನ್ನ ಮೊದಲ ದೂರಿನಲ್ಲಿ ಬರೀ ಸಿಟ್ಟಿತ್ತು. ಜನರಿಗೆ ಮೋಸ ಆಗುತ್ತಿದೆ, ಮಕ್ಕಳ ಜೊತೆ ಆಟ ಆಡುತ್ತಿದ್ದಾರೆ ಅಂತ ಒಂದು ಪುಟ ಬರೆದಿದ್ದೆ. ಒಂದೊಂದು ಮಾತೂ ಮನಸ್ಸಿನಿಂದಲೇ ಬಂದಿತ್ತು. ಆದರೆ ಯಾವ ಸಾಲಿನ ಮೇಲೆ ನನ್ನ ತಕರಾರು ಅಂತ ಅದರಲ್ಲಿ ಸ್ಪಷ್ಟವಾಗಿರಲಿಲ್ಲ. ಅದನ್ನು ಕಳಿಸದೆ ಪಕ್ಕಕ್ಕಿಟ್ಟು, ಮರುದಿನ ಮತ್ತೆ ಬರೆದೆ. ಎರಡನೆಯದು ಎಂಟೇ ಸಾಲು ಇತ್ತು.

ಒಂದು ದೂರಿನಲ್ಲಿ ಒಂದೇ ಜಾಹೀರಾತು ಇರಲಿ. ಜಾಹೀರಾತಿನ ಮಾತನ್ನು ಅದರಲ್ಲಿ ಇರುವ ಹಾಗೆಯೇ ಬರೆಯಿರಿ, ನಿಮ್ಮ ಮಾತಿನಲ್ಲಿ ಅಲ್ಲ. ಕನ್ನಡ ಜಾಹೀರಾತಾದರೆ ಕನ್ನಡದ ಸಾಲನ್ನು ಹಾಗೇ ಬರೆದು, ಕೆಳಗೆ ಅದರ ಅರ್ಥವನ್ನು ಇಂಗ್ಲಿಷ್‌ನಲ್ಲಿ ಸರಳವಾಗಿ ಕೊಡಿ. ಕಚೇರಿ ಮುಂಬೈಯಲ್ಲಿದೆ, ಹೀಗೆ ಮಾಡಿದರೆ ಕೆಲಸ ಬೇಗ ಮುಂದೆ ಹೋಗುತ್ತದೆ. ಆಮೇಲೆ ಆ ಮಾತಿನಿಂದ ಸಾಮಾನ್ಯ ಜನ ಏನು ತಿಳಿದುಕೊಳ್ಳುತ್ತಾರೆ ಅಂತ ಒಂದು ಸಾಲು ಬರೆಯಿರಿ. ಕೊನೆಗೆ ಆಧಾರ ಕೇಳಿ. ಒಂದು ಮಾದರಿ ಇಲ್ಲಿದೆ, ನಿಮ್ಮ ಜಾಹೀರಾತಿಗೆ ತಕ್ಕಂತೆ ಬದಲಿಸಿಕೊಳ್ಳಿ:

"ಇಂಥ ತಾರೀಖು ರಾತ್ರಿ 8.40ಕ್ಕೆ ಇಂಥ ಕನ್ನಡ ಚಾನೆಲ್‌ನಲ್ಲಿ ಈ ಪಾತ್ರೆ ತೊಳೆಯುವ ಲಿಕ್ವಿಡ್‌ನ ಜಾಹೀರಾತು ನೋಡಿದೆ. ಅದರಲ್ಲಿ 'ಒಂದೇ ಹನಿ ಸಾಕು, 50 ಪಾತ್ರೆ ಬೆಳಗುತ್ತದೆ' ಎಂದು ಹೇಳುತ್ತಾರೆ. ಮನೆಯಲ್ಲಿ ಎಣ್ಣೆ ಜಿಡ್ಡಿನ 50 ಪಾತ್ರೆಗಳನ್ನು ಒಂದು ಹನಿಯಲ್ಲಿ ತೊಳೆಯಬಹುದು ಎಂದೇ ನೋಡಿದವರು ತಿಳಿಯುತ್ತಾರೆ. ಕೆಳಗಿನ ಷರತ್ತು ಇಂಗ್ಲಿಷ್‌ನಲ್ಲಿದೆ, ಓದುವಷ್ಟು ಹೊತ್ತು ನಿಲ್ಲುವುದಿಲ್ಲ. ಈ ಹೇಳಿಕೆಗೆ ಕಂಪನಿಯ ಹತ್ತಿರ ಯಾವ ಪರೀಕ್ಷೆಯ ಆಧಾರ ಇದೆ ಎಂದು ಪರಿಶೀಲಿಸಿ. ಷರತ್ತು ಕನ್ನಡದಲ್ಲಿ ಇಲ್ಲದಿರುವುದೂ ನನ್ನ ಆಕ್ಷೇಪ. ರೆಕಾರ್ಡಿಂಗ್ ಲಗತ್ತಿಸಿದ್ದೇನೆ."

ನೋಡಿ, ಇದರಲ್ಲಿ ಸುಳ್ಳು, ಮೋಸ ಅನ್ನುವ ಪದವೇ ಇಲ್ಲ. ಬೇಕಾಗಿಯೂ ಇಲ್ಲ.

ಹೆಜ್ಜೆ 5: ಕಳಿಸುವುದು ಎಲ್ಲಿಗೆ?

ಆಸ್ಕಿಯ ವೆಬ್‌ಸೈಟಿನಲ್ಲಿ ದೂರು ಕೊಡುವ ಜಾಗ ಇದೆ. ವಿಳಾಸ ಟೈಪ್ ಮಾಡುವಾಗ ಎ, ಎಸ್, ಸಿ, ಐ ಅಕ್ಷರಗಳಿಗೆ ಅಂಟಿಕೊಂಡೇ ಆನ್‌ಲೈನ್ ಅನ್ನುವ ಪದ ಹಾಕಿ, ಆಮೇಲೆ ಡಾಟ್ ಇನ್. ಇನ್ನೂ ಸುಲಭ ಬೇಕೆಂದರೆ ವಾಟ್ಸಾಪ್ ನಂಬರ್ ಇದೆ: 77100 12345. ಫೋಟೊ, ವಿಡಿಯೊ ಅಲ್ಲಿಗೇ ಕಳಿಸಬಹುದು. ಗ್ರಾಹಕರಿಗೆ ಶುಲ್ಕ ಇಲ್ಲ. ನಿಮ್ಮ ಹೆಸರು, ಫೋನ್ ನಂಬರ್ ಕೊಡಬೇಕಾಗುತ್ತದೆ, ಆದರೆ ಅದನ್ನು ಕಂಪನಿಗೆ ತಿಳಿಸುವುದಿಲ್ಲ. ಕಂಪನಿಯವರು ಮನೆಗೆ ಫೋನ್ ಮಾಡಿ ಗಲಾಟೆ ಮಾಡುತ್ತಾರೇನೋ ಅಂತ ಹಿಂದೇಟು ಹಾಕುವವರನ್ನು ನೋಡಿದ್ದೇನೆ. ಆ ಭಯ ಬೇಡ.

ದೂರು ಸೇರಿದ ಮೇಲೆ ಒಂದು ಸಂಖ್ಯೆ ಸಿಗುತ್ತದೆ. ಬರೆದಿಟ್ಟುಕೊಳ್ಳಿ. ರಾಜಕೀಯ ಪಕ್ಷಗಳ ಜಾಹೀರಾತನ್ನು ಆಸ್ಕಿ ನೋಡುವುದಿಲ್ಲ, ಅದಕ್ಕೆ ಇಲ್ಲಿ ಬರೆದು ಪ್ರಯೋಜನ ಇಲ್ಲ.

ಒಳಗೆ ಏನು ನಡೆಯುತ್ತದೆ?

ದೂರು ನಿಯಮಾವಳಿಯ ವ್ಯಾಪ್ತಿಗೆ ಬರುತ್ತದೆ ಅನ್ನಿಸಿದರೆ ಆಸ್ಕಿ ಕಂಪನಿಗೆ ಬರೆಯುತ್ತದೆ. ಇಂಥ ಮಾತಿಗೆ ಆಧಾರ ಕೊಡಿ ಅಂತ ಕೇಳುತ್ತದೆ. ಕೆಲವು ಕಂಪನಿಗಳು ಅಲ್ಲೇ ಒಪ್ಪಿಕೊಂಡು ಜಾಹೀರಾತು ತೆಗೆಯುತ್ತವೆ ಅಥವಾ ಬದಲಿಸುತ್ತವೆ. ಆಗ ವಿಷಯ ಅಲ್ಲಿಗೇ ಮುಗಿಯುತ್ತದೆ. ಒಪ್ಪದೆ ಪುರಾವೆ ಕಳಿಸಿದರೆ, ಮತ್ತು ಅದು ತಾಂತ್ರಿಕ ವಿಷಯವಾದರೆ, ಆ ಕ್ಷೇತ್ರದ ತಜ್ಞರಿಗೆ ತೋರಿಸುತ್ತಾರೆ.

ಆಮೇಲೆ ಅದು ಕನ್ಸ್ಯೂಮರ್ ಕಂಪ್ಲೇಂಟ್ಸ್ ಕೌನ್ಸಿಲ್ ಅನ್ನುವ ಮಂಡಳಿಗೆ ಹೋಗುತ್ತದೆ. ಇದರಲ್ಲಿ ಜಾಹೀರಾತು ಕ್ಷೇತ್ರದವರೂ ಇರುತ್ತಾರೆ, ಹೊರಗಿನವರೂ ಇರುತ್ತಾರೆ. ವೈದ್ಯರು, ವಕೀಲರು, ಪ್ರಾಧ್ಯಾಪಕರು, ಗ್ರಾಹಕ ಹೋರಾಟಗಾರರು ಹೀಗೆ. ಹೊರಗಿನವರ ಸಂಖ್ಯೆಯೇ ಜಾಸ್ತಿ. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಯಿತಲ್ಲ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ತೀರ್ಪು ಕಂಪನಿಯ ವಿರುದ್ಧ ಬಂದರೆ ಜಾಹೀರಾತು ತೆಗೆಯಲು ಅಥವಾ ತಿದ್ದಲು ಗಡುವು ಕೊಡುತ್ತಾರೆ. ತೀರ್ಪು ಒಪ್ಪದ ಕಂಪನಿ ಮರುಪರಿಶೀಲನೆ ಕೇಳಬಹುದು. ಅದನ್ನು ನಿವೃತ್ತ ನ್ಯಾಯಮೂರ್ತಿಯೊಬ್ಬರು ಮುಖ್ಯಸ್ಥರಾಗಿರುವ ಸಮಿತಿ ನೋಡುತ್ತದೆ.

ಮಾತು ಕೇಳದ ಕಂಪನಿಗಳ ವಿಷಯವನ್ನು ಆಸ್ಕಿ ಸರ್ಕಾರದ ಸಂಬಂಧಪಟ್ಟ ಇಲಾಖೆಗೆ ತಿಳಿಸುತ್ತದೆ. ತೀರ್ಪು ನಿಮ್ಮ ವಿರುದ್ಧವೂ ಬರಬಹುದು. ಕಂಪನಿಯ ಹತ್ತಿರ ನಿಜವಾಗಿಯೂ ಆಧಾರ ಇರಬಹುದಲ್ವಾ? ಹಾಗೆ ಬಂದರೂ ನಷ್ಟ ಇಲ್ಲ. ಆ ಮಾತಿಗೆ ಆಧಾರ ಇದೆ ಅಂತ ಗೊತ್ತಾಯಿತು.

ಆಸ್ಕಿ ಸಾಲದು ಅನ್ನಿಸಿದರೆ

ಕೆಲವು ವಿಷಯಗಳಿಗೆ ನೇರ ಸರ್ಕಾರದ ಬಾಗಿಲೇ ಬಡಿಯಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ 2020ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಶುರುವಾಯಿತು. ದಾರಿ ತಪ್ಪಿಸುವ ಜಾಹೀರಾತಿಗೆ ಅದು 10 ಲಕ್ಷದವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. ಅದರಲ್ಲಿ ನಟಿಸಿ ಹೊಗಳಿದವರು ವಸ್ತುವಿನ ಬಗ್ಗೆ ವಿಚಾರಿಸದೆ ಒಪ್ಪಿಕೊಂಡಿದ್ದರೆ ಅವರಿಗೂ ದಂಡ ಬೀಳಬಹುದು, ಒಂದು ವರ್ಷ ಯಾವ ವಸ್ತುವನ್ನೂ ಹೊಗಳದಂತೆ ತಡೆಯಬಹುದು. ನಮ್ಮ ಮೆಚ್ಚಿನ ನಟನೇ ಹೇಳುತ್ತಿದ್ದಾನೆ, ಸುಮ್ನೆ ಇರೋಣ ಅನ್ನಬೇಕಾಗಿಲ್ಲ. ಈ ಪ್ರಾಧಿಕಾರಕ್ಕೆ ಹೋಗಬೇಕಾದ ದೂರನ್ನು ನಿಮ್ಮ ಜಿಲ್ಲಾಧಿಕಾರಿಗೂ ಬರೆದು ಕೊಡಬಹುದು ಅಂತ ಕಾಯ್ದೆಯಲ್ಲೇ ಇದೆ. ಇದು ಬಹಳ ಜನರಿಗೆ ಗೊತ್ತಿಲ್ಲ.

ಬರೆಯುವುದು ಕಷ್ಟ ಅನ್ನುವವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ನಂಬರ್ 1915. ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ವಯಸ್ಸಾದವರ ಫೋನಿನಲ್ಲಿ ಈ ನಂಬರ್ ಸೇವ್ ಮಾಡಿಕೊಡಿ.

ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್, ಕಣ್ಣಿನ ಪೊರೆ ವಾಸಿ ಮಾಡುತ್ತೇವೆ ಅನ್ನುವ ಪುಡಿ, ಎಣ್ಣೆ, ಕಷಾಯದ ಜಾಹೀರಾತುಗಳ ಬಗ್ಗೆ ಒಂದು ಮಾತು. ಅಲ್ಲಿ ಪುರಾವೆಯ ಚರ್ಚೆಯೇ ಇಲ್ಲ. ಇಂಥ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಅಂತ ಔಷಧದ ಜಾಹೀರಾತು ಹಾಕುವುದನ್ನೇ 1954ರ ಒಂದು ಕಾಯ್ದೆ ತಡೆಯುತ್ತದೆ. ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಅಂತ ಅದರ ಹೆಸರು. ಯಾರಾದರೂ ಇಂಥದ್ದನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಆಗುವ ಅನಾಹುತ ನೆನಪಿಸಿಕೊಳ್ಳಿ. ಇಂಥದ್ದು ಕಂಡರೆ ದಯವಿಟ್ಟು ತಡ ಮಾಡಬೇಡಿ. ಆಸ್ಕಿಗೂ ಕಳಿಸಿ, 1915ಕ್ಕೂ ಹೇಳಿ, ನಿಮ್ಮ ಜಿಲ್ಲೆಯ ಔಷಧ ನಿಯಂತ್ರಣದವರಿಗೂ ತಿಳಿಸಿ.

ತಿಂಡಿ, ಪಾನೀಯದ ಜಾಹೀರಾತಾದರೆ ಆಹಾರ ಸುರಕ್ಷತೆಯ ಕಾಯ್ದೆಯೂ ಇದೆ. ಅದರಲ್ಲೂ 10 ಲಕ್ಷದವರೆಗೆ ದಂಡ ಇದೆ. ಗಟ್ಟಿ ಮಾಡಿದ ರಸಕ್ಕೆ ನೀರು ಬೆರೆಸಿ ಮಾಡಿದ ಜ್ಯೂಸ್ ಮೇಲೆ "ಶೇ 100 ಹಣ್ಣಿನ ರಸ" ಅಂತ ಬರೆಯುವುದನ್ನು ನಿಲ್ಲಿಸಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಹೇಳಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಬೋರ್ನ್‌ವಿಟಾದಂಥ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ಅನ್ನುವ ಪಟ್ಟಿಯಿಂದ ತೆಗೆಯಿರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಕೇಂದ್ರ ಸರ್ಕಾರ ತಿಳಿಸಿತು. ಆ ಹೆಸರಿನ ವರ್ಗವೇ ಕಾನೂನಿನಲ್ಲಿ ಇಲ್ಲ ಅಂತ ಆಗ ಎಷ್ಟೋ ಅಮ್ಮಂದಿರಿಗೆ ಮೊದಲ ಸಲ ಗೊತ್ತಾಯಿತು.

ದುಡ್ಡು ವಾಪಸ್ ಬೇಕು, ಪರಿಹಾರ ಬೇಕು ಅಂದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಎರಡು ವರ್ಷದ ಒಳಗೆ ಹೋಗಬೇಕು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಆಸ್ಕಿಯಲ್ಲಿ ನಿಮ್ಮ ಪರವಾಗಿ ತೀರ್ಪು ಬಂದಿದ್ದರೆ ಅದರ ಪ್ರತಿಯನ್ನೂ ಜೊತೆಗೆ ಇಡಿ.

ರೀಲ್ಸ್ ನೋಡುವವರಿಗೆ

ಈಗ ಜಾಹೀರಾತು ಜಾಹೀರಾತಿನ ಹಾಗೆ ಕಾಣುವುದೇ ಇಲ್ಲ. ಪಕ್ಕದ ಮನೆ ಹುಡುಗಿಯ ಹಾಗೆ ಮಾತಾಡುವ ಒಬ್ಬಳು, ಅಡುಗೆಮನೆಯಲ್ಲಿ ನಿಂತು, ಈ ಕ್ರೀಮ್ ಹಚ್ಚಿದ ಮೇಲೆ ನನ್ನ ಮುಖ ಹೀಗಾಯಿತು ಅನ್ನುತ್ತಾಳೆ. ದುಡ್ಡು ಅಥವಾ ಉಚಿತ ವಸ್ತು ತೆಗೆದುಕೊಂಡು ಹೀಗೆ ಹೇಳುತ್ತಿದ್ದರೆ, ಇದು ಜಾಹೀರಾತು ಅಂತ ಎಲ್ಲರಿಗೂ ಕಾಣುವ ಜಾಗದಲ್ಲಿ ಬರೆಯಬೇಕು. ಆಸ್ಕಿ ಈ ನಿಯಮವನ್ನು 2021ರ ಜೂನ್‌ನಿಂದ ಜಾರಿಗೆ ತಂದಿದೆ. ಹತ್ತಾರು ಹ್ಯಾಶ್‌ಟ್ಯಾಗುಗಳ ನಡುವೆ ಅಡಗಿಸಿಟ್ಟರೆ, "ಇನ್ನಷ್ಟು ಓದಿ" ಒತ್ತಿದರೆ ಮಾತ್ರ ಕಾಣುವ ಹಾಗೆ ಇಟ್ಟರೆ ಸಾಲದು. ಲೇಬಲ್ ಇಲ್ಲದಿರುವುದೇ ದೂರಿಗೆ ಸಾಕಷ್ಟು ಕಾರಣ. ಆ ಪೋಸ್ಟಿನ ಲಿಂಕ್, ಖಾತೆಯ ಹೆಸರು, ಸ್ಕ್ರೀನ್‌ಶಾಟ್ ಕಳಿಸಿ.

ಮೈಬಣ್ಣದ ಬಗ್ಗೆ ಕೂಡ ಒಂದು ನಿಯಮ ಇದೆ, ಅದು ನನಗೆ ತುಂಬಾ ಹತ್ತಿರದ್ದು. ಕಪ್ಪು ಮೈಬಣ್ಣದವರನ್ನು ಅಂದವಿಲ್ಲದವರು, ದುಃಖದಲ್ಲಿರುವವರು, ಮದುವೆಗೆ ಕೆಲಸಕ್ಕೆ ಸಲ್ಲದವರು ಅನ್ನುವ ಹಾಗೆ ತೋರಿಸಬಾರದು ಅಂತ ಆಸ್ಕಿ 2014ರಲ್ಲೇ ಹೇಳಿದೆ. ಫೇರ್ ಅಂಡ್ ಲವ್ಲಿ ಕ್ರೀಮಿನ ಹೆಸರು 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾದರೂ ಬೆಳ್ಳಗಾಗಿಸುವ ಆಸೆಯನ್ನು ಬೇರೆ ಬೇರೆ ಮಾತಿನಲ್ಲಿ ಮಾರುವವರು ಇನ್ನೂ ಇದ್ದಾರೆ. ಹಳೆಯ ಫೋಟೊವನ್ನು ಮಂಕು ಮಾಡಿ, ಹೊಸದಕ್ಕೆ ಬೆಳಕು ತುಂಬಿ "ಮೊದಲು, ಆಮೇಲೆ" ಅಂತ ತೋರಿಸುವುದನ್ನೂ ದೂರಿನಲ್ಲಿ ಬರೆಯಿರಿ.

ಕಳಿಸಿದ ಮೇಲೆ

ಉತ್ತರ ಬರಲು ಕೆಲವು ವಾರ ಹಿಡಿಯಬಹುದು. ನನ್ನ ಆ ಎಂಟು ಸಾಲಿನ ದೂರು ಮಂಡಳಿಯ ತನಕ ಹೋಗಲಿಲ್ಲ. ಕಂಪನಿಯೇ ಜಾಹೀರಾತು ಬದಲಿಸಲು ಒಪ್ಪಿದೆ ಅಂತ ಪತ್ರ ಬಂತು. ಸ್ವಲ್ಪ ದಿನ ಆದ ಮೇಲೆ ಅದೇ ಪುಡಿಯ ಜಾಹೀರಾತು ಮತ್ತೆ ಬಂದಾಗ ಷರತ್ತು ಕನ್ನಡದಲ್ಲಿತ್ತು, ಓದುವಷ್ಟು ದೊಡ್ಡದಾಗಿತ್ತು. ಎರಡು ಪಟ್ಟು ಅನ್ನುವ ಮಾತು ಇರಲಿಲ್ಲ.

ನೀವೂ ಹೀಗೆ ಗಮನ ಇಟ್ಟಿರಿ. ತೆಗೆಯಿರಿ ಅಂದಮೇಲೂ ಅದೇ ಜಾಹೀರಾತು ಮತ್ತೆ ಕಂಡರೆ, ಹಳೆಯ ದೂರಿನ ಸಂಖ್ಯೆ ಹಾಕಿ, ಹೊಸ ತಾರೀಖಿನ ಸ್ಕ್ರೀನ್‌ಶಾಟ್ ಜೊತೆ ಇನ್ನೊಮ್ಮೆ ಕಳಿಸಿ. ಮಾತು ಕೇಳದ ಕಂಪನಿಯನ್ನು ಸರ್ಕಾರದ ಮುಂದೆ ನಿಲ್ಲಿಸಲು ಆ ಎರಡನೇ ಸ್ಕ್ರೀನ್‌ಶಾಟ್ ಬೇಕಾಗುತ್ತದೆ.

ಅಕ್ಕನ ಮಗಳಿಗೆ ಆ ಎರಡು ಜಾಹೀರಾತುಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಕೆಳಗಿನ ಕನ್ನಡದ ಸಾಲನ್ನು ಅವಳೇ ಗಟ್ಟಿಯಾಗಿ ಓದಿದಳು. ಆಮೇಲೆ ಹೇಳಿದಳು: "ಅಂದ್ರೆ ನಾನು ಸರಿಯಾಗೇ ಕುಡಿದಿದ್ದೆ."